ಮಾನಿಟರ್ ಕಪ್ಪಾದ ಭಾನುವಾರ

ಕುಶನ್ ಅಂಗಡಿಯ ಹಿಂದಿನ ಕೋಣೆ,
ಶನಿವಾರ, ಊಟವಾದ ಮೇಲೆ

ನನ್ನ ಪ್ರೀತಿಯ ಮಗಳೇ,

ಹೇಗಿದ್ದೀಯ ತಾಯಿ? ಚಳಿಗೆ ಬೆರಳ ಸಂದು ಒಡೆದು ಉರಿಯುತ್ತಿದೆ ಎಂದು ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದ್ದೆಯಲ್ಲ, ಈಗ ವಾಸಿಯಾಯಿತೇ? ಕೈಯಲ್ಲೇ ಮಾತಾಡುವವಳು ಕೈಯನ್ನು ಜೋಪಾನ ಮಾಡಿಕೊಳ್ಳದಿದ್ದರೆ ಹೇಗೆ? ರಾತ್ರಿ ಪಾಳಿ ಮುಗಿಸಿ ಬಂದವಳು ಬರಿಹೊಟ್ಟೆಯಲ್ಲಿ ಬಿದ್ದುಕೊಳ್ಳಬೇಡ, ಏನಾದರೂ ಬಿಸಿಯಾಗಿ ತಿಂದು ಮಲಗು. ಗಾಳಿ ಎಷ್ಟು, ಮಳೆ ಎಷ್ಟು, ಮೋಡ ಎಷ್ಟು ಮೇಲಿದೆ ಎಂದೆಲ್ಲ ಅಳೆಯುವ ನಿಮ್ಮ ಹವಾಮಾನ ಕೇಂದ್ರದಲ್ಲಿ ನೀನು ಉಂಡೆಯೋ ಇಲ್ಲವೋ ಎಂದು ಅಳೆಯುವ ಯಂತ್ರ ಮಾತ್ರ ಇಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಸೋದರತ್ತೆಯೂ ಚೆನ್ನಾಗಿದ್ದಾಳೆ, ಅಂದರೆ ಬೆಳಗ್ಗೆ ಎದ್ದಾಗಿನಿಂದ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಕೇಳುವುದನ್ನು ಕೇಳಿದ್ದಾಯಿತು, ಇನ್ನು ಸುದ್ದಿಗೆ ಬರುತ್ತೇನೆ. ಸುದ್ದಿ ಒಳ್ಳೆಯದಲ್ಲ ಮಗಳೇ. ಈ ವಾರವಿಡೀ ನನ್ನ ಜೀವ ಜೀವದಲ್ಲಿಲ್ಲ.

ಹೋದ ಭಾನುವಾರ ನೀನು ಕರೆ ಮಾಡಿದಾಗ ನನ್ನ ಕಡೆ ಏನಾಯಿತು ಎಂದು ನಿನಗೆ ಗೊತ್ತಾಗಿರಲಿಕ್ಕಿಲ್ಲ. ಅಪ್ಪ ಯಾಕೆ ಹೀಗೆ ಮಿಕಮಿಕ ನೋಡುತ್ತಿದ್ದಾನೆ, ಯಾಕೆ ಎದ್ದು ಮೇಜಿನ ಹಿಂದೆ ತಲೆ ತೂರಿಸುತ್ತಿದ್ದಾನೆ ಎಂದುಕೊಂಡಿರುತ್ತೀಯ. ನೀನು ಮೊದಲು ನಗುತ್ತಲೇ ಇದ್ದೆ. ಅತ್ತೆಯ ಮೊಣಕಾಲಿನ ಬಗ್ಗೆ ಕೇಳಿದೆ. ಆಮೇಲೆ ಹಿಂತಿರುಗಿ ಬಾಗಿಲ ಕಡೆ ನೋಡಿ, ಮುಖ ಗಂಭೀರ ಮಾಡಿಕೊಂಡು, ಬೇಗಬೇಗ ಹೇಳತೊಡಗಿದೆ. ನೀನು ಬೇಗ ಹೇಳಿದರೆ ನನಗೆ ಅರ್ಧ ಹಾರಿಹೋಗುತ್ತದೆ ಎಂದು ನಿನಗೆ ಗೊತ್ತಿದೆ, ಆದರೂ ಅಂದು ನಿಧಾನ ಮಾಡಲಿಲ್ಲ. ನಾನು ಹಿಡಿದದ್ದು ಇಷ್ಟು: ಪಾಳಿ ಮುಗಿಸಿ ಹಗಲು ಮಲಗಿದ್ದೆ. ಎದ್ದೆ. ಯಾರೂ ಇರಲಿಲ್ಲ. ಆಮೇಲೆ ನಿನ್ನ ಬಲಗೈ ಕಂಬದ ಹಾಗೆ ನೆಟ್ಟಗೆ ನಿಂತು ಪಕ್ಕಕ್ಕೆ ಬಿತ್ತು. ಅಷ್ಟರಲ್ಲಿ ಮಾನಿಟರ್ ಒಮ್ಮೆ ಹಸಿರಾಗಿ, ಗೆರೆಗೆರೆಯಾಗಿ, ಕಪ್ಪಾಗಿಬಿಟ್ಟಿತು.

ಯಾರೂ ಇರಲಿಲ್ಲ ಅಂದರೆ ಏನು? ಎಲ್ಲಿಗೆ ಹೋಗಿದ್ದರು? ಬಿದ್ದದ್ದು ಏನು? ನಿನಗೆ ಏನಾದರೂ ಆಯಿತೇ? ಕಪ್ಪು ಪರದೆಯ ಮುಂದೆ ಕೂತು ನಾನು "ಕಾಣಿಸ್ತಿಲ್ಲ, ಕಾಣಿಸ್ತಿಲ್ಲ" ಎಂದು ಕೈಯಲ್ಲಿ ಹೇಳಿದ್ದೇ ಹೇಳಿದ್ದು. ನೀನು ನೋಡಿದೆಯೋ, ನೋಡಿ ಏನೆಂದೆಯೋ. ಆಗ ಇನ್ನೊಂದು ವಿಚಿತ್ರ ನಡೆಯಿತು. ಇಷ್ಟು ತಿಂಗಳು ಪಿಟ್ಟೆನ್ನದ ಲ್ಯಾಪ್‌ಟಾಪು ಇದ್ದಕ್ಕಿದ್ದಂತೆ ಸದ್ದು ಮಾಡಿತು. ಗಾಳಿಯ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ನೀನು ಅಂಗೈಯಿಂದ ಮೇಜು ಬಡಿದ ಸದ್ದು. ಚಿಕ್ಕವಳಿದ್ದಾಗ ನಾನು ಬೇರೆ ಕಡೆ ನೋಡುತ್ತಿದ್ದರೆ ಹಲಗೆ ಬಡಿದು ನನ್ನನ್ನು ತಿರುಗಿಸುತ್ತಿದ್ದೆಯಲ್ಲ, ಅದೇ ಬಡಿತ. ನಿನ್ನ ಕಡೆಯ ಗಾಳಿ ಕೇಳುತ್ತಿದೆ, ನೀನು ನನ್ನನ್ನು ಕರೆಯುವುದು ಕೇಳುತ್ತಿದೆ, ನೀನು ಮಾತ್ರ ಕಾಣುತ್ತಿಲ್ಲ. ನನ್ನಂಥ ಕಂಠದವನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು. ಬೀದಿಯ ಆ ತುದಿಯಲ್ಲಿರುವವನಿಗೂ ನನ್ನ ಮಾತು ಕೇಳುತ್ತದೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆ ಗಂಟಲಿನಿಂದ ನಿನಗೆ ನಯಾಪೈಸೆಯ ಉಪಯೋಗವಿಲ್ಲ.

ಲ್ಯಾಪ್‌ಟಾಪಿನ ಸ್ವಂತ ಪರದೆ ಸತ್ತುಹೋಗಿದ್ದಕ್ಕೇ ನೀನು ಹೋಗುವ ಮುಂಚೆ ಈ ದೊಡ್ಡ ಮಾನಿಟರನ್ನು ತಂದು ಜೋಡಿಸಿಕೊಟ್ಟಿದ್ದು. "ಅಪ್ಪಾ, ಇದರಲ್ಲಿ ನನ್ನ ಬೆರಳು ಒಂದೊಂದೂ ಕಾಣುತ್ತೆ, ಕನ್ನಡಕ ಹಾಕ್ಕೊಂಡು ನೋಡು" ಎಂದಿದ್ದೆ. ಕರೆ ಬಂದರೆ ತಾನಾಗಿಯೇ ತೆರೆದುಕೊಳ್ಳುವಂತೆಯೂ ಮಾಡಿಟ್ಟೆ, ನಾನು ಯಾವ ಗುಂಡಿಯನ್ನೂ ಒತ್ತಬೇಕಿಲ್ಲದ ಹಾಗೆ. ಎಲ್ಲವನ್ನೂ ಯೋಚಿಸಿದ್ದೆ. ಆ ಕೇಬಲ್ಲು ಸಿಕ್ಕಿಸುವ ತೂತು ಕೈಕೊಡುತ್ತದೆ ಎಂದು ಮಾತ್ರ ಇಬ್ಬರೂ ಯೋಚಿಸಲಿಲ್ಲ. ಕೈಕೊಡಲು ಕಾರಣ ಯಾರು ಎಂಬುದರ ಮೇಲೆ ಮನೆಯಲ್ಲಿ ಇನ್ನೂ ಜಗಳ ನಡೆಯುತ್ತಿದೆ. ನಿನ್ನ ಅತ್ತೆ ದಿನವೂ ಮೇಜು ಒರೆಸುವಾಗ ಕೇಬಲ್ಲು ಕೀಳದೆ ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ಎಳೆದಾಡುತ್ತಾಳೆ. "ಧೂಳು ಬಿಟ್ರೆ ಅದು ಇನ್ನೂ ಬೇಗ ಹಾಳಾಗ್ತಿತ್ತು" ಎಂಬುದು ಅವಳ ವಾದ. ಅವಳೊಡನೆ ವಾದ ಮಾಡಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ.

ಸೋಮವಾರ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದು ಇದರ ಮುಂದೆ ಕೂತೆ. ಆಫ್ ಮಾಡಿ ಆನ್ ಮಾಡಿದೆ. ಕೇಬಲ್ಲು ಕಿತ್ತು ಊದಿ ಮತ್ತೆ ಸಿಕ್ಕಿಸಿದೆ. ಮಾನಿಟರಿನ ಹಿಂದೆ ಅಂಥದ್ದೇ ಇನ್ನೊಂದು ತೂತಿತ್ತು, ಅದಕ್ಕೆ ಹಾಕಿದೆ. "ಸಿಗ್ನಲ್ ಇಲ್ಲ" ಎಂದು ಬರೆದುಕೊಂಡು ಅದು ಕಣ್ಣು ಮುಚ್ಚಿತು. ಪಕ್ಕದ ಔಷಧಿ ಅಂಗಡಿಯವರಿಂದ ಅವರ ಕೇಬಲ್ಲು ಇಸಿದುಕೊಂಡು ಬಂದೆ, ಅದರಲ್ಲೂ ಅದೇ ರಾಗ. ನಮ್ಮ ಕೇಬಲ್ಲನ್ನು ಅವರ ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಚಿತ್ರ ಫಳಫಳ ಹೊಳೆಯುತ್ತದೆ! ಮಹಡಿಯ ಮನೆಯ ಟೀವಿಯನ್ನು ಇಬ್ಬರು ಸೇರಿ ಮೆಟ್ಟಿಲಿಳಿಸಿ ತಂದೆವು. ಅದರಲ್ಲಿಯೂ ಕತ್ತಲೆ. ಕೇಬಲ್ಲು ಸರಿ, ಮಾನಿಟರು ಸರಿ, ಕೆಟ್ಟಿರುವುದು ಲ್ಯಾಪ್‌ಟಾಪಿನ ಬಾಯಿ ಎಂದು ಅಷ್ಟಕ್ಕೆ ತೀರ್ಮಾನವಾಯಿತು. ಮಹಡಿಯ ಮನೆಯವರು ತಮ್ಮ ಫೋನಿನಲ್ಲೇ ನಿನಗೆ ಕರೆ ಹಚ್ಚಿ ನೋಡಿದರು. ನಿಮ್ಮ ಕೇಂದ್ರದಲ್ಲಿ ಬರೆಸಿರುವುದು ಈ ಒಂದು ಯಂತ್ರವನ್ನು ಮಾತ್ರ, ಬೇರೆ ಯಾವುದರಿಂದಲೂ ಕರೆ ಒಳಗೆ ಹೋಗುವುದಿಲ್ಲವಂತೆ. ನಿನ್ನ ಫೋನಿಗಂತೂ ಆ ಬೆಟ್ಟದ ಮೇಲೆ ಸಿಗ್ನಲ್ ಸಿಗುವುದಿಲ್ಲ. ನೀನು ಬಾಗಿಲ ಕಡೆ ನೋಡಿಕೊಂಡು ಹೇಳಿದ್ದನ್ನು ಕೇಂದ್ರದ ಫೋನಿಗೆ ಮಾಡಿ ಬೇರೆಯವರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಲ್ಲಿಗೆ ನನ್ನ ಬುದ್ಧಿಯೂ ಮುಗಿಯಿತು.

ಮುಗಿಯಿತು ಎಂದು ಸುಮ್ಮನಿರುವ ಪೈಕಿ ನಾನಲ್ಲವಲ್ಲ. ಟಾರ್ಚ್ ಹಾಕಿ ಆ ತೂತಿನೊಳಗೆ ನೋಡಿದೆ. ಒಳಗೆ ನಾಲಿಗೆಯಂಥ ಒಂದು ಸಣ್ಣ ಪಟ್ಟಿ, ಅದರ ಸುತ್ತ ಫೋಮಿನ ಪುಡಿ, ಒಂದು ಎಳೆ ತೆಂಗಿನ ನಾರು. ಸೋಫಾ ಹೊಲಿಯುವವನ ಮನೆಯಲ್ಲಿ ನಾರು ಎಲ್ಲಿಲ್ಲ? ಅನ್ನದ ತಟ್ಟೆಯಲ್ಲಿಯೂ ಇರುತ್ತದೆ. ಇಷ್ಟೇ ತಾನೆ ಎಂದುಕೊಂಡು, ಕುಶನ್ನಿನ ಮೂಲೆ ಹೊಲಿಯುವ ಡೊಂಕು ಸೂಜಿ ತೆಗೆದುಕೊಂಡು ಕಸವನ್ನೆಲ್ಲ ಹುಷಾರಾಗಿ ಕೆದಕಿ ತೆಗೆದೆ. ಕೈ ಒಂದಿಷ್ಟೂ ನಡುಗಲಿಲ್ಲ. ಕೇಬಲ್ಲು ಹಾಕಿದೆ. ಒಂದು ಕ್ಷಣ ಬೆಳಕು ಬಂತು! ನಿನ್ನ ಅತ್ತೆಯನ್ನು ಕೂಗಿದೆ. ಅವಳು ಬರುವಷ್ಟರಲ್ಲಿ ಮತ್ತೆ ಕಪ್ಪು. ಆಮೇಲೆ ನೋಡಿದರೆ ಆ ನಾಲಿಗೆ ಮೊದಲಿಗಿಂತ ಒಂದು ಕಡೆ ವಾಲಿತ್ತು. ಮೊದಲೇ ವಾಲಿತ್ತೋ, ನಾನು ವಾಲಿಸಿದೆನೋ, ಆ ದೇವರೇ ಬಲ್ಲ.

ಬುಧವಾರ ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದೆ. ಬಸ್ಸು ನಿಲ್ಲುವಲ್ಲಿ ಬೀಗದ ಕೈ ಮಾಡುವವನ ಪಕ್ಕ ಇದೆಯಲ್ಲ, ಅದು. ಈಗ ಅಲ್ಲಿ ಕೂರುವವಳು ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಮಾತು ಕಡಿಮೆ, ಮುಖ ಎತ್ತಿ ನೋಡುವುದು ಇನ್ನೂ ಕಡಿಮೆ. ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಒಳಗೆ ನೋಡಿದವಳೇ "ಇದರೊಳಗೆ ಸೂಜಿ ಹಾಕಿದ್ದು ಯಾರು?" ಎಂದಳು. ನಾನು ತಟ್ಟನೆ "ನಮ್ಮಕ್ಕ" ಎಂದುಬಿಟ್ಟೆ. ಈ ಸಾಲನ್ನು ನಿನ್ನ ಅತ್ತೆಗೆ ಎಂದೂ ಹೇಳಬೇಡ. ಆಮೇಲೆ ಅವಳು ತನ್ನ ಮಾನಿಟರಿಗೆ ಹಾಕಿ, ಕೇಬಲ್ಲಿನ ತಲೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿದಳು. ಚಿತ್ರ ಬಂತು. ಬೆರಳು ತೆಗೆದಳು, ಹೋಯಿತು. ಮತ್ತೆ ಒತ್ತಿದಳು, ಬಂತು. ನನ್ನ ಉಸಿರೂ ಅದರ ಜೊತೆಯೇ ಹೋಗಿ ಬಂದು ಮಾಡುತ್ತಿತ್ತು. "ಪೋರ್ಟ್ ಅಲ್ಲಾಡ್ತಿದೆ. ಬೋರ್ಡಿಗೆ ಬೆಸುಗೆ ಹಾಕಿದ್ದು ಬಿಟ್ಕೊಂಡಿದೆ. ಬಿಚ್ಚಿ ಹೊಸದು ಕೂರಿಸಬೇಕು. ಈ ಮಾಡೆಲ್ಲಿನ ಪೋರ್ಟೂ ಇಲ್ಲ, ಸ್ಕ್ರೀನೂ ಇಲ್ಲ, ತರಿಸ್ಬೇಕು. ಎರಡು ಮೂರು ವಾರ ಆಗುತ್ತೆ" ಎಂದಳು.

ಭಾನುವಾರದ ಒಳಗೆ ಬೇಕೇಬೇಕು ತಾಯಿ ಎಂದು ಅಂಗಲಾಚಿದೆ. ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ, ಅವಳ ಕೈ ಕಾಣದಿದ್ದರೆ ನನಗೆ ಅವಳ ಮಾತೇ ಇಲ್ಲ, ಅವಳು ಏನೋ ಕಷ್ಟ ಹೇಳಿಕೊಳ್ಳುತ್ತಿದ್ದಾಗ ಇದು ಕೆಟ್ಟಿತು ಎಂದೆ. ಹೇಳುತ್ತ ಹೇಳುತ್ತ ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಯಿತು ಎಂದು ಹೇಳಲಾರೆ, ನಾಚಿಕೆ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳಿಗೆ ಪಾಪ ಅನ್ನಿಸಿರಬೇಕು, ಒಳಗೆ ಹೋಗಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ತಂದಳು. ಅದನ್ನು ಪಕ್ಕದ ಯುಎಸ್‌ಬಿ ತೂತಿಗೆ ಹಾಕಿದರೆ ಮಾನಿಟರಿಗೆ ಚಿತ್ರ ಹೋಗುತ್ತದಂತೆ. ನನಗೆ ಹೋದ ಜೀವ ಬಂದ ಹಾಗಾಯಿತು. ಹಾಕಿದಳು. ಏನೂ ಬರಲಿಲ್ಲ. ಇದು ಕೆಲಸ ಮಾಡಬೇಕಾದರೆ ಮೊದಲು ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಬೇಕಂತೆ. ಹಾಕು ಅಂದೆ. ಹೊಸದೇನು ಹಾಕಬೇಕಾದರೂ ನಿನ್ನ ಪಾಸ್‌ವರ್ಡ್ ಬೇಕು ಎಂದಳು. ಅದು ನನಗೆಲ್ಲಿ ಗೊತ್ತು? ನಿನ್ನನ್ನೇ ಕೇಳಬೇಕು. ನಿನ್ನನ್ನು ಕೇಳಿದರೆ ನೀನು ಬೆರಳಲ್ಲಿ ಹೇಳುತ್ತೀಯ, ಆ ಬೆರಳು ಕಾಣಬೇಕಾದರೆ ಈ ಡಬ್ಬಿ ಕೆಲಸ ಮಾಡಬೇಕು. ಅವಳಂಥವಳಿಗೇ ನಗು ಬಂತು. ನಾನು ನಗಲಿಲ್ಲ.

ಸದ್ದಿನ ವಿಷಯವನ್ನೂ ಕೇಳಿದೆ. ಇಷ್ಟು ದಿನ ಮೂಕಾಗಿದ್ದದ್ದಕ್ಕೆ ಈಗ ಬಾಯಿ ಹೇಗೆ ಬಂತು ಎಂದೆ. ಚಿತ್ರ ಹೋಗುವ ಕೇಬಲ್ಲಿನಲ್ಲೇ ಸದ್ದೂ ಹೋಗುತ್ತದಂತೆ. ನಮ್ಮ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ, ಹಾಗಾಗಿ ಸದ್ದೆಲ್ಲ ಅಲ್ಲಿಗೆ ಹೋಗಿ ಸತ್ತುಹೋಗುತ್ತಿತ್ತು. ಪೋರ್ಟು ಬಿಟ್ಟುಕೊಂಡ ಕೂಡಲೇ ಲ್ಯಾಪ್‌ಟಾಪು ಮಾನಿಟರ್ ಇಲ್ಲ ಎಂದುಕೊಂಡು ತನ್ನ ಸ್ವಂತ ಸ್ಪೀಕರಿನಲ್ಲಿ ಸದ್ದು ಕೊಡುತ್ತದಂತೆ. ನಮಗಿಬ್ಬರಿಗೂ ಸದ್ದಿನ ಹಂಗೇ ಇರಲಿಲ್ಲ, ಆದ್ದರಿಂದ ಇದು ನಮ್ಮ ಗಮನಕ್ಕೂ ಬಂದಿರಲಿಲ್ಲ. ಪೋರ್ಟಿಗಾಗಿ ಅಲ್ಲೇ ಬಿಟ್ಟು ಹೋಗಿ ಎಂದಳು. ಬೇಡ ಎಂದು ಎತ್ತಿಕೊಂಡು ಬಂದೆ. ಕ್ಯಾಮೆರಾ ಇನ್ನೂ ನೆಟ್ಟಗಿದೆ. ನಾನು ನಿನ್ನನ್ನು ಕಾಣದಿದ್ದರೂ ನೀನಾದರೂ ನನ್ನನ್ನು ಕಾಣಬೇಕಲ್ಲ. ಭಾನುವಾರ ನೀನು ಕರೆ ಮಾಡಿ ಈ ಕಡೆ ಯಾರೂ ಇಲ್ಲ ಎಂದಾದರೆ ನಿನಗೆ ಹೇಗಾಗಬೇಡ?

ಬೆರಳಿನಿಂದ ಒತ್ತಿದರೆ ಚಿತ್ರ ಬರುತ್ತದೆ ಎಂಬ ಒಂದೇ ಒಂದು ಆಸೆ ಹಿಡಿದುಕೊಂಡು ಮನೆಗೆ ಬಂದೆ. ನಿನಗೆ ಉತ್ತರ ಹೇಳಲು ನನಗೆ ಎರಡೂ ಕೈ ಬೇಕು. ನಿನ್ನ ಅತ್ತೆಯನ್ನು ಒತ್ತಿ ಹಿಡಿದುಕೊಂಡು ಕೂರು ಅಂದರೆ ಅವಳು ಮಧ್ಯದಲ್ಲಿ ಕೈ ಬಿಟ್ಟು ನಿನಗೆ ಟಾಟಾ ಮಾಡುತ್ತಾಳೆ. ಹಾಗಾಗಿ ನನ್ನ ಕಸುಬಿಗೆ ಇಳಿದೆ. ಒಂದು ತುಂಡು ಗಟ್ಟಿ ಫೋಮನ್ನು ಇಳಿಜಾರಾಗಿ ಕೊಯ್ದು ಕೇಬಲ್ಲಿನ ತಲೆಯ ಕೆಳಗಿಟ್ಟೆ. ಸ್ಪ್ರಿಂಗ್ ಕಟ್ಟುವ ದಾರದಿಂದ ಅದನ್ನು ಲ್ಯಾಪ್‌ಟಾಪಿನ ಮೈಗೆ ಬಿಗಿದೆ. ಫೋಮು ಮೆತ್ತಗಾಯಿತು, ಚಿತ್ರ ನಿಲ್ಲಲಿಲ್ಲ. ನಾರು ತುಂಬಿದ ಸಣ್ಣ ದಿಂಬು ಹೊಲಿದೆ, ಅದು ಗಟ್ಟಿಯಾಯಿತು, ಆದರೆ ಕೇಬಲ್ಲು ಜಾರಿತು. ಕೊನೆಗೆ ಮರದ ಒಂದು ಚಕ್ಕೆಗೆ ರೆಕ್ಸಿನ್ ಸುತ್ತಿ, ಇಡೀ ಲ್ಯಾಪ್‌ಟಾಪನ್ನೇ ಒಂದು ಹಲಗೆಯ ಮೇಲಿಟ್ಟು, ಸೋಫಾಗೆ ಹಾಕುವ ಅಗಲದ ಪಟ್ಟಿಯಿಂದ ಎಳೆದು ಮೊಳೆ ಹೊಡೆದೆ. ಮೊಳೆ ಹಲಗೆಗೆ ಹೊಡೆದೆ, ಲ್ಯಾಪ್‌ಟಾಪಿಗಲ್ಲ, ಹೆದರಬೇಡ. ನೋಡಲು ಕೈಕಾಲು ಕಟ್ಟಿ ಹಾಕಿದ ಕಳ್ಳನ ಹಾಗಿದೆ. ಆದರೆ ನಿನ್ನೆ ಸಂಜೆಯಿಂದ ಚಿತ್ರ ನಿಂತಿದೆ! ನೀನು ಇಟ್ಟಿರುವ ಆ ಮೋಡದ ಫೋಟೋ ಕಾಣುತ್ತಿದೆ. ಅದನ್ನೇ ನೋಡುತ್ತ ಕೂತಿದ್ದೇನೆ. ಹತ್ತಿರ ಯಾರನ್ನೂ ಬಿಡುತ್ತಿಲ್ಲ. ಮೇಜು ಒರೆಸುವುದನ್ನು ನಿಲ್ಲಿಸಿದ್ದೇನೆ. ಬೀದಿಯಲ್ಲಿ ಲಾರಿ ಹೋದರೂ ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತೇನೆ.

ಆದರೂ ನನಗೆ ಇದರ ಮೇಲೆ ನಂಬಿಕೆಯಿಲ್ಲ. ಅದಕ್ಕೇ ಈ ಪತ್ರ. ಸೋಮವಾರ ಬೆಳಗ್ಗೆ ನಿಮ್ಮ ಕೇಂದ್ರಕ್ಕೆ ಸಾಮಾನು ಒಯ್ಯುವ ಜೀಪಿನ ಡ್ರೈವರಣ್ಣನ ಕೈಗೆ ಕೊಡುತ್ತೇನೆ. ನಾಳೆ ನೀನು ಕಂಡರೆ ಸರಿಯೇ ಸರಿ. ಕಾಣದಿದ್ದರೆ, ಅಂದು ಹೇಳಿದ್ದನ್ನು ಪೂರ್ತಿಯಾಗಿ ಬರೆದು ಅದೇ ಜೀಪಿನಲ್ಲಿ ಕಳಿಸು. ಬಿಡಿಸಿ ಬರೆ. ಅಪ್ಪನಿಗೆ ಭಯವಾಗುತ್ತದೆ ಎಂದು ಅರ್ಧಕ್ಕೆ ನಿಲ್ಲಿಸಬೇಡ, ಅರ್ಧ ತಿಳಿದು ಕೂರುವಷ್ಟು ಭಯ ಇನ್ನಾವುದೂ ಇಲ್ಲ. ಹಗಲೆಲ್ಲ ಹೊಲಿಯುವಾಗ ನನ್ನ ತಲೆಯಲ್ಲಿ ಒಂದೇ ಓಡುತ್ತಿರುತ್ತದೆ: ಎದ್ದೆ, ಯಾರೂ ಇರಲಿಲ್ಲ. ಮೊನ್ನೆ ಒಬ್ಬರ ಕುರ್ಚಿಗೆ ಬಟ್ಟೆಯನ್ನು ಉಲ್ಟಾ ಹೊಡೆದುಬಿಟ್ಟೆ. ನಿನ್ನ ಅಮ್ಮ ಇದ್ದಿದ್ದರೆ ನೀನು ಬೆರಳೆತ್ತುವ ಮೊದಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ನನ್ನ ಕೈ ಮೊಳೆ ಹೊಡೆಯುವ ಕೈ, ಹತ್ತು ಮಾತಲ್ಲಿ ಆರು ತಪ್ಪು ಆಡುತ್ತದೆ. ಆದರೂ ಇಷ್ಟು ದಿನ ನಾವಿಬ್ಬರೂ ಹೇಗೋ ನಡೆಸಿಕೊಂಡು ಬಂದೆವಲ್ಲ ಮಗಳೇ. ಅದನ್ನು ಈ ಹಾಳು ತೂತು ತಪ್ಪಿಸಬಾರದು.

ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನೀನು "ಮೀಸೆ" ಎಂದು ಮೂಗಿನ ಕೆಳಗೆ ಬೆರಳೆಳೆದು ತೋರಿಸುವ ನಿಮ್ಮ ಮುಖ್ಯಸ್ಥರಿಗೂ, "ಗುಂಗುರು" ಎಂದು ತಲೆಯ ಮೇಲೆ ಬೆರಳು ಸುತ್ತುವ ಆ ಹುಡುಗನಿಗೂ. ಅವರ ಹೆಸರೇ ನನಗೆ ಗೊತ್ತಿಲ್ಲ ನೋಡು. ಕಾಲಿಗೆ ಉಣ್ಣೆಯ ಚೀಲ ಹಾಕಿಕೋ. ನಿನ್ನ ಅತ್ತೆ ಎರಡು ಕೈಯನ್ನೂ ನಿನ್ನ ತಲೆಯ ಮೇಲಿಟ್ಟಿದ್ದಾಳೆ ಎಂದು ತಿಳಿದುಕೋ. ನೂರು ಕಾಲ ಸುಖವಾಗಿರು.

ನಿನ್ನನ್ನೇ ಕಾಯುತ್ತಿರುವ
ಅಪ್ಪ

ವಿ.ಸೂ. ಭಾನುವಾರ ಸಂಜೆ ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅರ್ಥವಾಗದಿದ್ದರೆ ಎರಡು ಸಲ ಓದು. ಮೇಲಿನದೆಲ್ಲ ಈಗ ಮುಖ್ಯವಲ್ಲ. ಇವತ್ತು ನೀನು ಕರೆ ಮಾಡಿದಾಗ ಮೊದಲು ಕಂಡೆ. ಸೊರಗಿದ್ದೀಯ. ನೀನು ಕೈ ಎತ್ತುವಷ್ಟರಲ್ಲಿ ನಿನ್ನ ಅತ್ತೆ ನಿನ್ನನ್ನು ನೋಡುವ ಆತುರದಲ್ಲಿ ಓಡಿಬಂದು ಹಲಗೆಗೆ ಮೊಣಕಾಲು ತಾಗಿಸಿದಳು. ಪರದೆ ಕಪ್ಪಾಯಿತು, ಸದ್ದು ಶುರುವಾಯಿತು. ಅವಳನ್ನು ಬೈಯಲು ಬಾಯಿ ತೆರೆದವನು ಹಾಗೇ ನಿಂತೆ. ನಿನ್ನ ಬೆನ್ನ ಹಿಂದೆ ಇಬ್ಬರು ಮಾತಾಡುತ್ತಿದ್ದರು. ಒಬ್ಬ ಇನ್ನೊಬ್ಬರನ್ನು ಸಾರ್ ಎನ್ನುತ್ತಿದ್ದ, ಹಾಗಾಗಿ ಅವನು ಗುಂಗುರು, ಅವರು ಮೀಸೆ ಇರಬೇಕು. "ಸಾರ್, ಸೈರನ್ ಜೊತೆ ಮಿನುಗೋ ಅವಳ ರೂಮಿನ ಕೆಂಪು ದೀಪ ಇನ್ನೂ ಸರಿಯಾಗಿಲ್ಲ. ಸೈರನ್ ಕೂಗಿದ್ರೆ ಅವಳಿಗೆ ಹೇಗೆ ಗೊತ್ತಾಗಬೇಕು? ಹೋದ ಸಲ ಸಿಡಿಲಿಗೆ ಕಂಬ ಬಿದ್ದಾಗ ಅವಳು ಮೇಲೇ ಮಲಗಿದ್ಲು, ನಾವೆಲ್ಲ ಕೆಳಗಿನ ಕೋಣೆಗೆ ಇಳಿದುಬಿಟ್ಟಿದ್ವಿ" ಎಂದ. ಅದಕ್ಕೆ ಮೀಸೆ, "ದೀಪದ ವಿಷಯ ಅವಳಿಗೆ ಹೇಳಬೇಡ, ತನಗೇ ಎಚ್ಚರ ಆಗಲಿಲ್ಲ ಅಂದ್ಕೊಂಡಿದ್ದಾಳೆ. ಹೇಳಿದ್ರೆ ಮೇಲಿನವರಿಗೆ ಬರೀತಾಳೆ. ಸಾಮಾನು ಬಂದ ಮೇಲೆ ಸದ್ದಿಲ್ಲದೆ ಹಾಕಿಬಿಡೋಣ" ಎಂದರು. "ಬುಧವಾರ ಮತ್ತೆ ಸಿಡಿಲು ಅಂತ ನಾವೇ ವರದಿ ಕಳಿಸಿದ್ದೀವಲ್ಲ ಸಾರ್." "ಯಾರಾದ್ರೂ ಹೋಗಿ ಎಬ್ಬಿಸಿದ್ರಾಯ್ತು." "ಹೋದ ಸಲಾನೂ ಹಾಗೇ ಅಂದ್ಕೊಂಡಿದ್ವಿ." ಆಮೇಲೆ ಅವನು ದನಿ ತಗ್ಗಿಸಿ, ಆ ಕಡೆ ಅಪ್ಪ ಕೇಳಿಸಿಕೊಂಡರೆ ಎಂದ. ಮೀಸೆ ನಕ್ಕರು. "ಅಯ್ಯೋ, ಅವರ ಮನೇಲಿ ಯಾರಿಗೂ ಕಿವಿ ಕೇಳಲ್ಲ ಕಣೋ. ನೋಡ್ತಿಲ್ವಾ, ವಾರಾವಾರ ಅಪ್ಪನೂ ಕೈಯಲ್ಲೇ ಮಾತಾಡೋದು."

ನಾನು ಕಿರುಚಿದೆ ಮಗಳೇ. ಮನೆ ಅದುರುವ ಹಾಗೆ ಕಿರುಚಿದೆ. ನಿನ್ನ ಕಡೆ ಸ್ಪೀಕರ್ ಯಾರು ಹಾಕಿಟ್ಟಿರುತ್ತಾರೆ? "ಅಪ್ಪ ಇವತ್ತು ಭಾರೀ ಹುರುಪಿನಲ್ಲಿದ್ದಾರೆ" ಎಂದು ಮೀಸೆ ನಕ್ಕದ್ದು ಕೇಳಿಸಿತು. ಆಮೇಲೆ ಕ್ಯಾಮೆರಾದ ಮುಂದೆ ನಿಂತು ಕೈಯಲ್ಲಿ ಹೇಳಿದೆ: ದೀಪ ಸತ್ತಿದೆ, ಆ ರೂಮಿನಲ್ಲಿ ಮಲಗಬೇಡ, ಕೆಳಗೆ ಮಲಗು. ಎಷ್ಟು ಸಲ ಹೇಳಿದೆನೋ. ಸರಿಯಾಗಿ ಹೇಳಿದೆನೋ ಇಲ್ಲವೋ, ನಿನಗೆ ತಿಳಿಯಿತೋ ಇಲ್ಲವೋ, ಏನೂ ಗೊತ್ತಾಗಲಿಲ್ಲ. ಬರೆದು ಹಿಡಿಯೋಣ ಎಂದು ಕಾಗದ ಹುಡುಕುವಷ್ಟರಲ್ಲಿ ಕರೆ ನಿಂತುಹೋಯಿತು. ನಿಮ್ಮ ಕೇಂದ್ರದ ಫೋನು ಎತ್ತುವವರು ಮೀಸೆಯೇ. ನಾನು ಕೇಳಿಸಿಕೊಂಡೆ ಎಂದು ಗೊತ್ತಾದರೆ ಹಾಗೆ ಅಂದೇ ಇಲ್ಲ ಎನ್ನುತ್ತಾರೆ, ಆ ಹುಡುಗನ ಬಾಯಿಯನ್ನೂ ಮುಚ್ಚಿಸುತ್ತಾರೆ. ಮೇಲಿನ ಕಚೇರಿಗೆ ಮಾಡಿದೆ, ಭಾನುವಾರ ಯಾರೂ ಎತ್ತಲಿಲ್ಲ. ನಾಳೆ ಅದರ ಬಾಗಿಲು ತೆರೆಯುವ ಮೊದಲೇ ನಿನ್ನ ಅತ್ತೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾಳೆ. ಅವಳು ಅಲ್ಲಿ ಕೂತ ಮೇಲೆ ಆ ಕಚೇರಿಯವರನ್ನು ದೇವರೇ ಕಾಪಾಡಬೇಕು.

ನಾನು ಜೀಪಿನಲ್ಲಿ ಈ ಪತ್ರದ ಜೊತೆಗೇ ಬರುತ್ತಿದ್ದೇನೆ. ಇಷ್ಟೆಲ್ಲ ಕೈಯಲ್ಲಿ ಹೇಳಲು ನನಗೆ ಬರುವುದಿಲ್ಲ, ತಪ್ಪು ಹೇಳುತ್ತೇನೆಂಬ ಭಯ, ಅದಕ್ಕೇ ಬರೆದು ತಂದಿದ್ದೇನೆ. ನನ್ನನ್ನು ಕಂಡ ಕೂಡಲೇ ಅಳಬೇಡ, ಯಾರಿಗೂ ಏನೂ ತೋರಿಸಿಕೊಳ್ಳಬೇಡ, ಪತ್ರ ತೆಗೆದುಕೊಂಡು ಒಳಗೆ ಹೋಗಿ ಪೂರ್ತಿ ಓದು. ಅಷ್ಟು ಹೊತ್ತು ನಾನು ಅವರ ನಡುವೆ ಕಿವಿ ಕೇಳದವನಾಗಿಯೇ ಕೂತಿರುತ್ತೇನೆ. ಅವರು ಏನೇನು ಮಾತಾಡಿಕೊಳ್ಳುತ್ತಾರೋ ಆಡಿಕೊಳ್ಳಲಿ. ಓದಿ ಮುಗಿಸಿ ಹೊರಗೆ ಬಾ, ನನ್ನ ಪಕ್ಕ ನಿಂತುಕೋ, ಯಾವಾಗ ಬಾಯಿ ಬಿಡಬೇಕೆಂದು ನೀನು ಕೈ ತೋರಿಸು.